ಪೆನ್ಸಿಲ್ವೇನಿಯಾದ ನಮ್ಮ ಜಮೀನು, ಗ್ಯಾಸ್ ಕಂಪನಿಯ ಲೀಸು

ಈ ಕಡೆ ಜಮೀನು ಇಟ್ಟುಕೊಂಡಿರುವ ಕನ್ನಡದವರು ಆಗಾಗ ಫೋನ್ ಮಾಡುತ್ತಾರೆ. "ಗ್ಯಾಸ್ ಕಂಪನಿಯವರು ಬಂದಿದ್ರು ಸಾರ್, ಎಕರೆಗೆ ಎಷ್ಟು ಕೇಳಬಹುದು?" ಎಲ್ಲರದ್ದೂ ಇದೇ ಪ್ರಶ್ನೆ. ಎಕರೆ ರೇಟು ಆಮೇಲೆ ನೋಡೋಣ, ಮೊದಲು ಅವರು ಕೊಟ್ಟ ಕಾಗದ ಕಳಿಸಿ ಅನ್ನುತ್ತೇನೆ. ಕೆಲವರಿಗೆ ಬೇಜಾರಾಗುತ್ತದೆ. ಆದರೆ ಎಕರೆ ರೇಟು ಒಂದೇ ಸಲ ಬರುವ ದುಡ್ಡು. ಕಾಗದದಲ್ಲಿರುವ ಷರತ್ತುಗಳು ನಮ್ಮ ಮಕ್ಕಳ ಕಾಲಕ್ಕೂ ಇರುತ್ತವೆ.

ನಮ್ಮದು ಸಸ್ಕ್ವೆಹಾನಾ ಕೌಂಟಿಯಲ್ಲಿ 48 ಎಕರೆ. ನಾನು ಎಂಡಿಕಾಟ್ ಕಡೆ ಕೆಲಸಕ್ಕೆ ಬಂದು ನ್ಯೂಯಾರ್ಕ್ ರಾಜ್ಯದಲ್ಲಿ ಮನೆ ಮಾಡಿದವನು. ಗಡಿ ದಾಟಿದರೆ ಪೆನ್ಸಿಲ್ವೇನಿಯಾ, ಅಲ್ಲಿ ಜಮೀನು ಅಗ್ಗ ಅಂತ ತೆಗೆದುಕೊಂಡೆವು. ಒಂದಿಷ್ಟು ಕಾಡು, ಒಂದಿಷ್ಟು ಹುಲ್ಲುಗಾವಲು, ಒಂದು ಹಳೇ ಮನೆ. ಹುಲ್ಲನ್ನು ಪಕ್ಕದ ಡೈರಿಯವರು ಕೊಯ್ದುಕೊಳ್ಳುತ್ತಿದ್ದರು. ಕಾಲ ಕೆಳಗೆ ಒಂದು ಮೈಲಿಗೂ ಜಾಸ್ತಿ ಆಳದಲ್ಲಿ ಮಾರ್ಸೆಲಸ್ ಅನ್ನುವ ಕಲ್ಲಿನ ಪದರ ಇದೆ, ಅದರಲ್ಲಿ ಗ್ಯಾಸ್ ಇದೆ ಅಂತ ಆಗ ನಮಗೇನು ಗೊತ್ತು?

ಇದನ್ನು ಊರಲ್ಲಿ ಅಪ್ಪನಿಗೆ ಹೇಳಿದರೆ ಅವರು ನಂಬಲೇ ಇಲ್ಲ. "ನೆಲದ ಕೆಳಗಿರೋದು ಸರ್ಕಾರದ್ದಲ್ವೇನೋ? ನಿನ್ನ ಹತ್ರ ಯಾಕೆ ಬರ್ತಾರೆ?" ಅಂದರು. ಭಾರತದಲ್ಲಾದರೆ ಅವರ ಮಾತು ಸರಿ. ಅಲ್ಲಿ ಗ್ಯಾಸ್ ತೆಗೆಯುವ ಲೀಸು ಸರ್ಕಾರದ್ದು, ರೈತನಿಗೆ ಸಿಗುವುದು ಮೇಲಿನ ನೆಲಕ್ಕೆ ಪರಿಹಾರ ಅಷ್ಟೇ. ಇಲ್ಲಿ ಕೆಳಗಿನ ಹಕ್ಕು ಖಾಸಗಿಯವರದ್ದು. ಆ ಹಕ್ಕು ಯಾರ ಹೆಸರಲ್ಲಿ ಇದೆಯೋ ಅವರು ಸಹಿ ಮಾಡದೆ ಕಂಪನಿ ಮಾರ್ಸೆಲಸ್‌ಗೆ ಕೈ ಹಾಕುವಂತಿಲ್ಲ. ನಮ್ಮ ಬಲ ಇದೊಂದೇ.

ಕಂಪನಿ ಪರವಾಗಿ ಮನೆಗೆ ಬರುವವನನ್ನು ಲ್ಯಾಂಡ್‌ಮ್ಯಾನ್ ಅನ್ನುತ್ತಾರೆ. ನಮ್ಮ ಹತ್ತಿರ ಬಂದವನು ಒಳ್ಳೇ ಮಾತುಗಾರ. ಅಚ್ಚು ಹಾಕಿದ ಫಾರಂ ಮೇಜಿನ ಮೇಲಿಟ್ಟ. "ಇದು ಸ್ಟ್ಯಾಂಡರ್ಡ್ ಲೀಸು, ಸುತ್ತಮುತ್ತ ಎಲ್ಲರೂ ಸಹಿ ಮಾಡಿದ್ದಾರೆ. ಈ ರೇಟು ಶುಕ್ರವಾರದವರೆಗೆ ಮಾತ್ರ" ಅಂದ. ಫಾರಂ ಬಿಟ್ಟು ಹೋಗಿ, ಓದಿ ಹೇಳುತ್ತೇನೆ ಅಂದೆ. ಶುಕ್ರವಾರ ಕಳೆಯಿತು. ಮತ್ತೆ ಅವನೇ ಫೋನ್ ಮಾಡಿದ.

ಇದು 2008ರ ಮಾತು. 2006ರ ಸುಮಾರಿಗೆ ನಮ್ಮ ಕೌಂಟಿಯ ಡಿಮಾಕ್ ಕಡೆ ಎಕರೆಗೆ 25 ಡಾಲರ್‌ಗೆ ಸಹಿ ಹಾಕಿದವರಿದ್ದರು. 2008ರ ಬೇಸಿಗೆಯಲ್ಲಿ ಅದೇ ಎಕರೆಗೆ ಸಾವಿರಗಟ್ಟಲೆ ಕೊಡುತ್ತೇವೆ ಅಂತ ಬಂದರು. ಆ ವರ್ಷದ ಕೊನೆಗೆ ಬ್ಯಾಂಕುಗಳು ಬಿದ್ದವು, ಗ್ಯಾಸ್ ಬೆಲೆ ಇಳಿಯಿತು, ಲ್ಯಾಂಡ್‌ಮ್ಯಾನ್‌ಗಳೂ ಕಾಣೆಯಾದರು. ಕೈಗೆ ಬಂದದ್ದು ಬಾಯಿಗೆ ಬರಲಿಲ್ಲ ಅಂತ ಹಲವರು ಪೇಚಾಡಿದರು. ನಾವು ಆ ಸಮಯವನ್ನು ಬೇರೆ ಕೆಲಸಕ್ಕೆ ಬಳಸಿಕೊಂಡೆವು. ವಾಲಂಟಿಯರ್ ಫೈರ್ ಹಾಲ್‌ನಲ್ಲಿ ಸುತ್ತಲಿನ ಜಮೀನಿನವರು ಸೇರುತ್ತಿದ್ದರು. ಡೈರಿಯವರು, ಕಲ್ಲು ಕ್ವಾರಿಯವರು, ರಿಟೈರ್ ಆದ ಮೇಷ್ಟ್ರು, ಅವರ ಮಧ್ಯೆ ನಾವೊಬ್ಬರು ಕನ್ನಡದವರು. ಕಂಪನಿಗೆ ಬೇಕಾದದ್ದು ಚೂರುಪಾರು ಜಮೀನಲ್ಲ. ಅಡ್ಡಡ್ಡ ಕೊರೆಯುವ ಬಾವಿ ಒಂದು ಮೈಲಿ ದೂರ ಹೋಗುತ್ತದೆ, ಅದಕ್ಕೆ ಒಂದಕ್ಕೊಂದು ತಾಗಿಕೊಂಡಿರುವ ನೂರಾರು ಎಕರೆ ಬೇಕು. ನಾವು ನಕ್ಷೆ ಹರವಿ, ಒಪ್ಪಿದವರ ಜಮೀನಿಗೆ ಬಣ್ಣ ಹಚ್ಚುತ್ತಾ ಹೋದೆವು. ಬಣ್ಣ ಒಂದಕ್ಕೊಂದು ಕೂಡಿಕೊಂಡ ಮೇಲೆ ನಮ್ಮ ಮಾತಿಗೆ ತೂಕ ಬಂತು. ಒಬ್ಬ ಆಯಿಲ್ ಅಂಡ್ ಗ್ಯಾಸ್ ಲಾಯರನ್ನು ಗಂಟೆ ಲೆಕ್ಕದಲ್ಲಿ ಇಟ್ಟುಕೊಂಡೆವು. ಬರುವ ದುಡ್ಡಿನಲ್ಲಿ ಪರ್ಸೆಂಟೇಜ್ ಕೇಳುವ ಲಾಯರೂ ಸಿಗುತ್ತಾರೆ. ಅಂಥವರಿಗೆ ಲೀಸು ಬೇಗ ಮುಗಿದರೆ ಲಾಭ. ನನಗಂತೂ ಅದು ಹಿಡಿಸಲಿಲ್ಲ.

ಲಾಯರ್ ಮೊದಲು ಮಾಡಿಸಿದ್ದು ಟೈಟಲ್ ಸರ್ಚ್. ನಮ್ಮ ಕಡೆ ಸಬ್‌ರಿಜಿಸ್ಟ್ರಾರ್ ಆಫೀಸಿನಲ್ಲಿ ಇಸಿ ತೆಗೆಸುತ್ತೇವಲ್ಲ, ಆ ಥರದ ಕೆಲಸ. ಮಾಂಟ್ರೋಸ್‌ನ ಕೋರ್ಟ್‌ಹೌಸ್‌ನಲ್ಲಿ ಹಳೇ ಕ್ರಯಪತ್ರಗಳ ದಪ್ಪ ಪುಸ್ತಕ. ಹಿಂದೆ ಯಾವಾಗಲೋ ನಮ್ಮ ಜಮೀನು ಮಾರಿದವರೊಬ್ಬರು ಕೊನೆಯಲ್ಲಿ ಒಂದು ಸಾಲು ಸೇರಿಸಿದ್ದರು: ಖನಿಜಗಳಲ್ಲಿ ಅರ್ಧ ಹಕ್ಕು ನನ್ನಲ್ಲೇ ಇರುತ್ತದೆ. ನಾನು ಬೆವತೆ. ಲಾಯರ್ ನಕ್ಕರು. ಪೆನ್ಸಿಲ್ವೇನಿಯಾದಲ್ಲಿ 1882ರ ಒಂದು ತೀರ್ಪಿನಿಂದ ಬೆಳೆದು ಬಂದ ನಿಯಮ ಇದೆ. ಕ್ರಯಪತ್ರದಲ್ಲಿ ಬರೀ ಖನಿಜ ಅಂತಿದ್ದರೆ ಎಣ್ಣೆ, ಗ್ಯಾಸ್ ಅದರಲ್ಲಿ ಸೇರುವುದಿಲ್ಲ. ಸೇರಬೇಕಿದ್ದರೆ ಹಾಗಂತ ಬಿಡಿಸಿ ಬರೆದಿರಬೇಕು.

ಆದರೂ ಅವರು ಒಂದು ಕಡೆ ಪಟ್ಟು ಹಿಡಿದರು. ಅಚ್ಚಾದ ಫಾರಂನಲ್ಲಿ ವಾರಂಟಿ ಅನ್ನುವ ಷರತ್ತು ಇರುತ್ತದೆ. ಹಕ್ಕು ಪೂರ್ತಿ ನನ್ನದೇ, ನಾಳೆ ತಕರಾರು ಬಂದರೆ ಹೊಣೆಯೂ ನನ್ನದೇ ಅಂತ ನಾವು ಬರೆದುಕೊಟ್ಟಂತೆ ಅದು. ಅದನ್ನು ಹೊಡೆದುಹಾಕಿಸಿದರು. ಕಂಪನಿಯೇ ಟೈಟಲ್ ನೋಡಿಕೊಳ್ಳಲಿ, ಕೊಟ್ಟ ಬೋನಸ್, ಅಂದರೆ ಎಕರೆ ಲೆಕ್ಕದ ದುಡ್ಡು, ವಾಪಸ್ ಕೇಳುವಂತಿಲ್ಲ ಅಂತ ಬರೆಸಿದರು. ಇದೇನು ಮಹಾ ಅಂತ ಆಗ ಅನ್ನಿಸಿತ್ತು. 2011ರ ಸೆಪ್ಟೆಂಬರ್‌ನಲ್ಲಿ ನಮ್ಮ ಕೌಂಟಿಯ ಇಂಥದ್ದೇ ಒಂದು ಕೇಸಿನಲ್ಲಿ ಮೇಲಿನ ಕೋರ್ಟು, ಮಾರ್ಸೆಲಸ್ ಗ್ಯಾಸಿಗೆ ಆ ಹಳೇ ನಿಯಮ ಹೊಂದುತ್ತದಾ ಅಂತ ವಿಚಾರಣೆ ಮಾಡಿ ಎಂದು ಕಳಿಸಿತು. ಕೌಂಟಿಯಲ್ಲಿ ಎಷ್ಟೋ ಜನರಿಗೆ ನಿದ್ದೆ ಹೋಯಿತು. 2013ರ ಏಪ್ರಿಲ್‌ನಲ್ಲಿ ರಾಜ್ಯದ ಸುಪ್ರೀಂ ಕೋರ್ಟು ಹಳೇ ನಿಯಮವನ್ನೇ ಎತ್ತಿಹಿಡಿಯಿತು. ಅಲ್ಲಿಯವರೆಗೂ ನಾನು ನೆಮ್ಮದಿಯಾಗಿದ್ದದ್ದು ಆ ಹೊಡೆದುಹಾಕಿದ ಸಾಲಿನಿಂದ.

ಈಗ ರಾಯಲ್ಟಿ, ಅಂದರೆ ಮಾರಿದ ಗ್ಯಾಸಿನ ದುಡ್ಡಿನಲ್ಲಿ ನಮಗೆ ಬರುವ ಪಾಲಿನ ವಿಷಯಕ್ಕೆ ಬರುತ್ತೇನೆ. ಇದನ್ನು ಸ್ವಲ್ಪ ನಿಧಾನವಾಗಿ ಓದಿ.

ಪೆನ್ಸಿಲ್ವೇನಿಯಾದ 1979ರ ಕಾನೂನಿನ ಪ್ರಕಾರ ರಾಯಲ್ಟಿ ಕನಿಷ್ಠ ಎಂಟನೇ ಒಂದು ಭಾಗ, ಅಂದರೆ ಶೇ. 12.5 ಇರಲೇಬೇಕು. ಲ್ಯಾಂಡ್‌ಮ್ಯಾನ್ ಇದನ್ನೇ ಏನೋ ದೊಡ್ಡ ಉಪಕಾರ ಅನ್ನೋ ಹಾಗೆ ಹೇಳುತ್ತಾನೆ. ನಾವು ಜಗ್ಗಾಡಿ ಶೇ. 18ಕ್ಕೆ ತಂದೆವು. ಆದರೆ ಯಾವುದರ ಶೇ. 18? ಬಾವಿಯಿಂದ ಬಂದ ಗ್ಯಾಸನ್ನು ಒಟ್ಟುಗೂಡಿಸಬೇಕು, ನೀರಿನಂಶ ತೆಗೆಯಬೇಕು, ಒತ್ತಡ ಹೆಚ್ಚಿಸಬೇಕು, ದೊಡ್ಡ ಪೈಪ್‌ಲೈನ್‌ವರೆಗೆ ಸಾಗಿಸಬೇಕು. ಈ ಖರ್ಚಿನಲ್ಲಿ ನಮ್ಮ ಪಾಲನ್ನೂ ಕಂಪನಿ ಮುರಿದುಕೊಳ್ಳಬಹುದಾ? ಹಾಗೆ ಮುರಿದರೆ ರಾಯಲ್ಟಿ ಕಾನೂನಿನ ಶೇ. 12.5ಕ್ಕಿಂತ ಕೆಳಗೆ ಹೋದಂತಲ್ವಾ ಅಂತ ನಮ್ಮ ಕೌಂಟಿಯವರೇ ಕೋರ್ಟಿಗೆ ಹೋಗಿದ್ದರು. 2010ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟು ಕಂಪನಿ ಪರ ತೀರ್ಪು ಕೊಟ್ಟಿತು. ಲೀಸಿನಲ್ಲಿ ಹಾಗೆ ಬರೆದಿದ್ದರೆ ಖರ್ಚು ಕಳೆದು ಉಳಿದದ್ದರ ಮೇಲೆ ಲೆಕ್ಕ ಹಾಕಬಹುದು ಅಂತ. ಅಂದರೆ ಕಾನೂನು ಕಾಪಾಡಲ್ಲ. ಕಾಪಾಡುವುದಾದರೆ ನಮ್ಮ ಕಾಗದವೇ ಕಾಪಾಡಬೇಕು.

ನಾವು ಸಹಿ ಮಾಡಿದ್ದು ಅದಾದ ಮೇಲೆ, 2010ರಲ್ಲೇ. ಹಾಗಾಗಿ ಖರ್ಚು ಕಳೆಯುವಂತಿಲ್ಲ ಅನ್ನುವುದನ್ನು ಮೊದಲ ಬೇಡಿಕೆ ಮಾಡಿದೆವು. ಕಂಪನಿ ಸಲೀಸಾಗಿ ಒಪ್ಪಿತು. ನನಗೆ ಆಗಲೇ ಅನುಮಾನ. ಅವರು ಕಳಿಸಿದ ಕರಡಿನಲ್ಲಿ ಮೊದಲ ವಾಕ್ಯ ನಾವು ಕೇಳಿದಂತೆಯೇ ಇತ್ತು: ಯಾವ ಖರ್ಚನ್ನೂ ಕಳೆಯುವುದಿಲ್ಲ. ಅದರ ಕೆಳಗೆ "ಆದರೆ" ಅಂತ ಶುರುವಾಗುವ ಇನ್ನೊಂದು ವಾಕ್ಯ. ಮಾರಾಟಕ್ಕೆ ಸಿದ್ಧವಾದ ಗ್ಯಾಸಿನ ಬೆಲೆ ಹೆಚ್ಚಿಸಲು ಮಾಡಿದ ಖರ್ಚನ್ನು ಕಳೆಯಬಹುದು. ಯಾವ ಹಂತದಲ್ಲಿ ಗ್ಯಾಸು ಮಾರಾಟಕ್ಕೆ ಸಿದ್ಧವಾಯಿತು ಅಂತ ತೀರ್ಮಾನಿಸುವವರು ಯಾರು? ಅವರೇ. ಮೂಗಿಗೆ ತುಪ್ಪ ಸವರುವುದು ಅಂದರೆ ಇದೇ. ಆ ಎರಡನೇ ವಾಕ್ಯ ತೆಗೆಸಲು ಹಿಡಿದ ಸಮಯ ಬೇರೆಲ್ಲಾ ಷರತ್ತುಗಳಿಗೂ ಸೇರಿ ಹಿಡಿಯಲಿಲ್ಲ. ಕೊನೆಗೆ ನಾವು ಎಕರೆ ರೇಟಿನಲ್ಲಿ ಸ್ವಲ್ಪ ಬಿಟ್ಟುಕೊಟ್ಟೆವು, ಅವರು ಆ ವಾಕ್ಯ ಬಿಟ್ಟರು. ಗುಂಪಿನಲ್ಲಿ ಕೆಲವರು ನನ್ನ ಮೇಲೆ ಸಿಟ್ಟಾದರು.

ಲೆಕ್ಕ ನೋಡಿ. ಬಾವಿಗೆ ಸೇರಿಸಿದ ಜಮೀನಿನ ಗುಂಪಿಗೆ ಯೂನಿಟ್ ಅನ್ನುತ್ತಾರೆ. ನಮ್ಮ ಯೂನಿಟ್ 640 ಎಕರೆ. ಅದರಲ್ಲಿ ನಮ್ಮ 48 ಎಕರೆ ಅಂದರೆ 0.075. ಅದನ್ನು 0.18ರಿಂದ ಗುಣಿಸಿದರೆ 0.0135. ಯೂನಿಟ್‌ನಲ್ಲಿ 10 ಲಕ್ಷ ಡಾಲರ್ ಗ್ಯಾಸ್ ಮಾರಿದರೆ ನಮಗೆ 13,500. ಖರ್ಚು ಅಂತ ಶೇ. 30 ಮುರಿದರೆ ಕೈಗೆ ಬರುವುದು 9,450. ಗ್ಯಾಸಿನ ಬೆಲೆ ಬಿದ್ದಾಗಲೂ ಸಾಗಾಣಿಕೆ ಖರ್ಚು ಅಷ್ಟೇ ಇರುತ್ತದೆ, ಆಗ ಮುರಿತದ ಪಾಲು ಇನ್ನೂ ಜಾಸ್ತಿ. 2012ರಲ್ಲಿ ಬೆಲೆ ನೆಲ ಕಚ್ಚಿದಾಗ ಇದು ಎಲ್ಲರಿಗೂ ಅರ್ಥವಾಯಿತು. ಪಕ್ಕದ ಬ್ರಾಡ್‌ಫರ್ಡ್ ಕೌಂಟಿಯ ಒಬ್ಬರು ತಮ್ಮ ಚೆಕ್ಕಿನ ಸ್ಟಬ್ ತೋರಿಸಿದ್ದರು. ಒಂದು ಕಾಲಂನಲ್ಲಿ ಮಾರಾಟ, ಪಕ್ಕದ ಕಾಲಂನಲ್ಲಿ ಕಡಿತ, ಕೊನೆಗೆ ಉಳಿದದ್ದು ಕಾಫಿ ದುಡ್ಡು. ಇಂಥ ಕಡಿತಗಳ ವಿಷಯಕ್ಕೆ 2015ರಲ್ಲಿ ರಾಜ್ಯದ ಅಟಾರ್ನಿ ಜನರಲ್ ಕಚೇರಿಯೇ ಕೋರ್ಟಿಗೆ ಹೋಯಿತು.

ಅವಧಿಯ ಷರತ್ತೂ ಇಷ್ಟೇ ಮುಖ್ಯ. ಲೀಸು ಐದು ವರ್ಷ ಅಂತ ಬರೆದಿರುತ್ತದೆ. ಅದು ಬರೀ ಮೊದಲ ಅವಧಿ. ಅಷ್ಟರೊಳಗೆ ಗ್ಯಾಸ್ ಬಂದರೆ, ಅದು ಬರುತ್ತಿರುವಷ್ಟು ಕಾಲ ಲೀಸು ಮುಗಿಯುವುದೇ ಇಲ್ಲ. ಅದಕ್ಕಿಂತ ಮೋಸ ಇನ್ನೊಂದಿದೆ. ನಿಮ್ಮದು 200 ಎಕರೆ ಇದ್ದು, ಅದರಲ್ಲಿ 10 ಎಕರೆ ಮಾತ್ರ ಯೂನಿಟ್‌ಗೆ ಸೇರಿದರೂ ಪೂರ್ತಿ 200 ಎಕರೆ ಕಂಪನಿ ಹಿಡಿತದಲ್ಲೇ ಉಳಿಯುತ್ತದೆ, ರಾಯಲ್ಟಿ ಮಾತ್ರ ಹತ್ತಕ್ಕೇ. ಇದನ್ನು ತಡೆಯಲು ಪ್ಯೂ ಕ್ಲಾಸ್ ಅನ್ನುವ ಷರತ್ತು ಹಾಕಿಸಬೇಕು, ಯೂನಿಟ್‌ಗೆ ಸೇರದ ಜಮೀನು ಅವಧಿ ಮುಗಿದ ಕೂಡಲೇ ಬಿಡುಗಡೆ ಅಂತ. ನಾವು ಆಳಕ್ಕೂ ಅದನ್ನೇ ಮಾಡಿಸಿದೆವು. ಮಾರ್ಸೆಲಸ್ ಕೆಳಗೆ ಯುಟಿಕಾ ಅನ್ನುವ ಇನ್ನೊಂದು ಪದರ ಇದೆ. ಮೇಲಿನದಕ್ಕೆ ಕೊಟ್ಟ ಸಹಿಯಲ್ಲಿ ಕೆಳಗಿನದು ಸುಮ್ನೆ ಹೋಗಬಾರದಲ್ವಾ? ನೆಲದಡಿ ಗ್ಯಾಸ್ ತುಂಬಿ ಶೇಖರಿಸಿಡುವ ಹಕ್ಕನ್ನೂ ಕೊಡಲಿಲ್ಲ.

ಮೇಲಿನ ನೆಲದ ವಿಷಯದಲ್ಲಿ ನನ್ನ ಹೆಂಡತಿಯದೇ ಕೊನೆಯ ಮಾತು. ನಮ್ಮ ನೆಲದ ಮೇಲೆ ಬಾವಿ, ರಸ್ತೆ, ನೀರಿನ ಹೊಂಡ, ಕಂಪ್ರೆಸರ್ ಯಾವುದೂ ಬೇಡ, ಬೇರೆ ಕಡೆಯಿಂದ ಅಡ್ಡ ಕೊರೆದುಕೊಳ್ಳಲಿ. ಕಂಪನಿ ಒಪ್ಪಿತು. ಪೈಪ್‌ಲೈನ್ ಬೇಕಾದರೆ ಬೇರೆ ಕರಾರು, ಬೇರೆ ದುಡ್ಡು. ದೊಡ್ಡ ಜಮೀನಿದ್ದು, ಬಾವಿಯ ಪ್ಯಾಡ್‌ಗೆ ಜಾಗ ಕೊಟ್ಟು ಅದಕ್ಕೂ ದುಡ್ಡು ತೆಗೆದುಕೊಂಡವರಿದ್ದಾರೆ, ಅದು ಅವರವರ ಇಷ್ಟ.

ಕುಡಿಯುವ ನೀರಿನ ವಿಷಯದಲ್ಲಿ ಮಾತ್ರ ರಾಜಿ ಬೇಡ. ಡಿಮಾಕ್‌ನಲ್ಲಿ 2009ರ ಹೊಸ ವರ್ಷದ ದಿನ ಒಂದು ಮನೆಯ ನೀರಿನ ಬಾವಿ ಮೀಥೇನ್ ತುಂಬಿ ಸಿಡಿದಿತ್ತು. ಆಗಿನ ಕಾನೂನಿನಲ್ಲಿ ಗ್ಯಾಸ್ ಬಾವಿಯಿಂದ 1,000 ಅಡಿ ಒಳಗೆ, 6 ತಿಂಗಳೊಳಗೆ ನೀರು ಕೆಟ್ಟರೆ ಮಾತ್ರ ತಪ್ಪು ಕಂಪನಿಯದ್ದು ಅಂತ ಮೊದಲೇ ಭಾವಿಸುತ್ತಿದ್ದರು. 2012ರ ಆಕ್ಟ್ 13 ಅದನ್ನು 2,500 ಅಡಿ, 12 ತಿಂಗಳಿಗೆ ಏರಿಸಿತು. ನಮ್ಮ ಲೀಸಿನಲ್ಲಿ ಮೊದಲೇ ದೂರ ಜಾಸ್ತಿ ಬರೆಸಿದ್ದೆವು. ಕೊರೆಯುವ ಮುಂಚೆ ನೀರಿನ ಪರೀಕ್ಷೆ ಕಂಪನಿ ಖರ್ಚಿನಲ್ಲಿ, ಲ್ಯಾಬ್ ನಾವು ಆರಿಸಿದ್ದು. ಸರ್ಟಿಫೈಡ್ ಲ್ಯಾಬಿನ ಹುಡುಗ ತಾನೇ ಬಂದು ನಲ್ಲಿಯಿಂದ ಹಿಡಿದು, ಬಾಟಲಿಗೆ ಸೀಲ್ ಹಾಕಿ, ಯಾರ ಕೈಯಿಂದ ಯಾರ ಕೈಗೆ ಹೋಯಿತು ಅಂತ ಚೀಟಿಯಲ್ಲಿ ಸಹಿ ಮಾಡಿಸಿಕೊಂಡ. ನಾವೇ ಹಿಡಿದು ಕೊಟ್ಟ ನೀರು ಕೋರ್ಟಿನಲ್ಲಿ ನಿಲ್ಲುವುದು ಕಷ್ಟ. ಮೀಥೇನ್, ಬೇರಿಯಂ, ಕ್ಲೋರೈಡ್, ಸ್ಟ್ರಾನ್ಷಿಯಂ ನಾಲ್ಕನ್ನೂ ಕೇಳಿ ಮಾಡಿಸಿ.

ಸಹಿ ಮಾಡಿದ ಕಾಗದವನ್ನು ಕಂಪನಿಯವರ ಕೈಗೆ ಕೊಡಲಿಲ್ಲ. ಮಾಮೂಲಿ ಪದ್ಧತಿಯಲ್ಲಿ ಸಹಿ ಮಾಡಿದ ಲೀಸು ತೆಗೆದುಕೊಂಡು, ಇಂತಿಷ್ಟು ಬ್ಯಾಂಕ್ ದಿನಗಳಾದ ಮೇಲೆ ದುಡ್ಡು ಅಂತ ಒಂದು ಚೀಟಿ ಕೊಡುತ್ತಾರೆ. ಅಷ್ಟರಲ್ಲಿ ಗ್ಯಾಸ್ ಬೆಲೆ ಬಿದ್ದರೆ ಟೈಟಲ್ ಸರಿ ಇಲ್ಲ ಅಂತ ಕೈ ಎತ್ತಬಹುದು. ನಮ್ಮ ಲೀಸು ಲಾಯರ್ ಹತ್ತಿರವೇ ಇತ್ತು. ದುಡ್ಡು ಖಾತೆಗೆ ಬಂದ ಮೇಲೆ ರಿಜಿಸ್ಟ್ರಿಗೆ ಹೋಯಿತು. ಬೋನಸ್ ಪೂರ್ತಿ ಆದಾಯ, ತೆರಿಗೆಯೂ ಪೂರ್ತಿ. ರಾಯಲ್ಟಿಗೆ ಮಾತ್ರ ಶೇ. 15 ಡಿಪ್ಲೀಷನ್ ಕಡಿತ, ಅಂದರೆ ನೆಲದ ಗ್ಯಾಸ್ ಖಾಲಿಯಾಗುತ್ತಾ ಹೋಗುವುದಕ್ಕೆ ಕೊಡುವ ತೆರಿಗೆ ವಿನಾಯಿತಿ, ಸಿಗುತ್ತದೆ. ನ್ಯೂಯಾರ್ಕಿನಲ್ಲಿ ವಾಸ ಇರುವವರು ಪೆನ್ಸಿಲ್ವೇನಿಯಾದಲ್ಲೂ ರಿಟರ್ನ್ ಹಾಕಬೇಕು. ಬೋನಸ್ ಬಂದ ವಾರವೇ ಅಕೌಂಟೆಂಟ್ ಹತ್ತಿರ ಹೋಗಿ.

ಈಗಲೂ ವರ್ಷಕ್ಕೊಮ್ಮೆಯಾದರೂ ಕಂಪನಿಯಿಂದ ಒಂದು ಪತ್ರ ಬರುತ್ತದೆ. ಜೊತೆಗೆ ಸಣ್ಣ ಮೊತ್ತದ ಚೆಕ್ಕು, ಲೀಸಿಗೆ ಒಂದು ಚಿಕ್ಕ ತಿದ್ದುಪಡಿ ಅಷ್ಟೇ, ಸಹಿ ಮಾಡಿ ಕಳಿಸಿ ಅಂತ. ಹೋದ ಸಲದ್ದು ಯೂನಿಟ್ಟನ್ನು 640 ಎಕರೆಗಿಂತ ದೊಡ್ಡದು ಮಾಡಲು ಒಪ್ಪಿಗೆ ಕೇಳಿತ್ತು. ಅದಕ್ಕೆ ಒಪ್ಪಿದರೆ 0.0135 ಅನ್ನುವ ನಮ್ಮ ಪಾಲು ಇಳಿಯುತ್ತದೆ. ಚೆಕ್ಕನ್ನು ಬ್ಯಾಂಕಿಗೆ ಹಾಕಲಿಲ್ಲ. ಲಾಯರ್ ಓದುವ ಫೀಸು ನೀವು ಕೊಡಿ, ಆಮೇಲೆ ಮಾತಾಡೋಣ ಅಂತ ಬರೆದು ಕಳಿಸಿದೆ. ಇನ್ನೂ ಉತ್ತರ ಬಂದಿಲ್ಲ.