ಕ್ಯಾನ್ಸರ್ ಹರಡಿದೆ ಎಂದರೆ ಮುಂದೇನು?

ಸ್ತನದಲ್ಲಿ ಹುಟ್ಟಿದ ಕ್ಯಾನ್ಸರ್ ಬೆನ್ನುಮೂಳೆಗೆ ಇಳಿದರೂ ಅದು ಸ್ತನ ಕ್ಯಾನ್ಸರೇ, ಮೂಳೆ ಕ್ಯಾನ್ಸರ್ ಅಲ್ಲ. ಔಷಧಿಯ ಆಯ್ಕೆಗೆ ಮುಖ್ಯವಾಗುವುದು ಅದು ಹುಟ್ಟಿದ ಜಾಗ. ಆದ್ದರಿಂದ ಮೊದಲ ಕೆಲಸ ಬಯಾಪ್ಸಿಯದು, ಅಂದರೆ ಗಡ್ಡೆಯ ಚೂರು ತೆಗೆದು ಪರೀಕ್ಷಿಸುವುದು.

ತೆಗೆದ ತುಣುಕನ್ನು ಲ್ಯಾಬಿಗೆ ಮುಟ್ಟಿಸುವ ಹೊಣೆ ಎಷ್ಟೋ ಸಲ ಮನೆಯವರ ಪಾಲಿಗೇ ಬರುತ್ತದೆ. ಡಬ್ಬಿಯಲ್ಲಿ 10 ಪರ್ಸೆಂಟ್ ಫಾರ್ಮಲಿನ್ (ತುಣುಕು ಕೆಡದಂತೆ ಕಾಯುವ ದ್ರಾವಣ) ಇದೆಯೇ, ತುಣುಕು ಪೂರ್ತಿ ಮುಳುಗಿದೆಯೇ ಎಂದು ಕೇಳಿಕೊಳ್ಳಿ. ಸಲೈನ್‌ನಲ್ಲಿ (ಉಪ್ಪುನೀರಿನಲ್ಲಿ) ಬಿಟ್ಟ ತುಣುಕು ಕೊಳೆಯುತ್ತದೆ, ರಿಪೋರ್ಟ್ ಹಾಳಾಗುತ್ತದೆ. ಲ್ಯಾಬಿನವರು ಅದನ್ನು ಮೇಣದಲ್ಲಿ ಕೂರಿಸಿ ಬ್ಲಾಕ್ ಮಾಡುತ್ತಾರೆ: ಚಿಕ್ಕ ಪ್ಲಾಸ್ಟಿಕ್ ಚೌಕಟ್ಟು, ಬಿಳಿ ಮೇಣ, ನಡುವೆ ಕಂದು ಚುಕ್ಕೆ. ಬೀದರಿನಿಂದ ಹೈದರಾಬಾದಿಗೋ ಕಲಬುರಗಿಯಿಂದ ಸೊಲ್ಲಾಪುರಕ್ಕೋ ಹೊರಟವರು ಸ್ಕ್ಯಾನ್ ಫಿಲ್ಮುಗಳನ್ನೆಲ್ಲ ಹೊತ್ತೊಯ್ದು ಇದೊಂದನ್ನೇ ಮರೆಯುತ್ತಾರೆ. ಅಲ್ಲಿ ಮತ್ತೆ ಸೂಜಿ, ಮತ್ತೆ ಕಾಯುವುದು. ನಮ್ಮ ಬೇಸಿಗೆಯಲ್ಲಿ ನಿಲ್ಲಿಸಿದ ಕಾರಿನ ಡ್ಯಾಶ್‌ಬೋರ್ಡ್ ಮೇಲಂತೂ ಬ್ಲಾಕ್ ಇಡಬೇಡಿ, ಮೇಣ ಕರಗೀತು.

ಸ್ತನ ಕ್ಯಾನ್ಸರ್ ಆದರೆ ಇಆರ್, ಪಿಆರ್ (ಇವೆರಡು ಹಾರ್ಮೋನ್ ಗುರುತುಗಳು), ಹರ್-2 (ಒಂದು ಪ್ರೋಟೀನ್) ಪರೀಕ್ಷೆ ಆಗಿದೆಯೇ ನೋಡಿ. ಶ್ವಾಸಕೋಶದ ಅಡಿನೋಕಾರ್ಸಿನೋಮಾ (ಅಲ್ಲಿನ ಕ್ಯಾನ್ಸರಿನ ಒಂದು ಬಗೆ) ಆದರೆ ಇಜಿಎಫ್‌ಆರ್, ಎಎಲ್‌ಕೆ ಎಂಬ ಜೀನ್ ಪರೀಕ್ಷೆಗಳು. ಇಆರ್, ಪಿಆರ್, ಇಜಿಎಫ್‌ಆರ್ ಅಥವಾ ಎಎಲ್‌ಕೆ ಪಾಸಿಟಿವ್ ಬಂದರೆ ಕೀಮೋ ಬದಲು ಮಾತ್ರೆಯಿಂದಲೇ ಶುರುಮಾಡುವ ದಾರಿ ಹಲವರಿಗೆ ಸಿಗುತ್ತದೆ.

ಆಮೇಲೆ ಡಾಕ್ಟರ್‌ಗೆ ನೇರವಾಗಿ ಕೇಳಿ: ಈ ಚಿಕಿತ್ಸೆ ಗುಣಪಡಿಸಲಿಕ್ಕೋ, ತಡೆದು ನಿಲ್ಲಿಸಲಿಕ್ಕೋ, ನೋವು ಇಳಿಸಲಿಕ್ಕೋ? ವೃಷಣದ ಕ್ಯಾನ್ಸರ್ ಹರಡಿದ ಮೇಲೂ ಬಹಳ ಸಲ ಗುಣವಾಗುತ್ತದೆ. ದೊಡ್ಡ ಕರುಳಿನದು ಯಕೃತ್ತಿನಲ್ಲಿ ಒಂದೆರಡು ಗಡ್ಡೆಯಷ್ಟೇ ಇದ್ದರೆ ಆಪರೇಷನ್ ಸಾಧ್ಯವಾಗಬಹುದು. ಉಳಿದ ಬಹುಪಾಲಿನಲ್ಲಿ ಗುರಿ ತಡೆದು ನಿಲ್ಲಿಸುವುದೇ. ಕೇಳಲು ಸಂಕೋಚಪಟ್ಟು ಹೊಲ ಮಾರಿದವರಿಗೆ ಈ ಉತ್ತರ ತಡವಾಗಿ ಸಿಗುತ್ತದೆ.

ಮೂಳೆ ನೋವಿಗೆ ಒಂದೇ ಸಲದ 8 ಗ್ರೇ (ರೇಡಿಯೇಷನ್ ಪ್ರಮಾಣದ ಅಳತೆ) ರೇಡಿಯೇಷನ್ ಅನೇಕರಿಗೆ ಸಾಕು. ಆರಾಮ ಸಿಗಲು ಕೆಲವು ವಾರ ಹಿಡಿಯಬಹುದು. ಅಲ್ಲಿಯವರೆಗೆ ಮಾರ್ಫಿನ್ ಬರೆದುಕೊಟ್ಟರೆ ಚಟ ಹತ್ತುತ್ತದೆಂದು ಹೆದರಬೇಡಿ. ಸಾದಾ ಮಾತ್ರೆಯನ್ನು ನೋವು ಬಂದಾಗಷ್ಟೇ ನುಂಗುವುದಲ್ಲ, ಹೇಳಿದಂತೆ 4 ಗಂಟೆಗೊಮ್ಮೆ ತೆಗೆದುಕೊಳ್ಳಬೇಕು. ಮಲ ಕಟ್ಟುವುದು ಬಹುತೇಕ ಖಚಿತ, ಮಲ ಸಡಿಲಿಸುವ ಔಷಧಿ ಮೊದಲ ದಿನದಿಂದಲೇ ಇರಲಿ.

"ಕಾಲು ಜೋಮು ಹಿಡದಾವ" ಎಂದು ರೋಗಿ ಹೇಳಿದರೆ, ಮೂತ್ರ ಕಟ್ಟಿದರೆ, ಅದೇ ದಿನ ಆಸ್ಪತ್ರೆಗೆ ಓಡಿ. ಗಡ್ಡೆ ಬೆನ್ನುಹುರಿ ಒತ್ತುತ್ತಿರಬಹುದು. ತಡವಾದರೆ ಕಾಲಿನ ಶಕ್ತಿ ಮರಳುವುದು ಕಷ್ಟ. ಕೀಮೋ ನಡೆಯುತ್ತಿರುವಾಗ 100.4 ಡಿಗ್ರಿ ಜ್ವರ ಬಂದರೂ ಅಷ್ಟೇ. ಪ್ಯಾರಾಸಿಟಮಾಲ್ ನುಂಗಿಸಿ ಬೆಳಗಿನವರೆಗೆ ಕಾಯಬೇಡಿ.

ಕಲಬುರಗಿಯಲ್ಲೇ ಬೆಂಗಳೂರಿನ ಸರ್ಕಾರಿ ಕ್ಯಾನ್ಸರ್ ಆಸ್ಪತ್ರೆ ಕಿದ್ವಾಯಿ ಸಂಸ್ಥೆಯ ಘಟಕವಿದೆ. ಬಿಪಿಎಲ್ ಕುಟುಂಬಕ್ಕೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಡಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಸಿಗುತ್ತದೆ. ಬೆಂಗಳೂರಿಗೆ ಚಿಕಿತ್ಸೆಗೆ ಹೋಗುವ ರೋಗಿಗೆ ರೈಲಿನ ಸ್ಲೀಪರ್ ಮತ್ತು ತ್ರೀ-ಟೈರ್ ಎಸಿಯಲ್ಲಿ ಪೂರ್ತಿ ರಿಯಾಯಿತಿ, ಜೊತೆಗಾರರೊಬ್ಬರಿಗೆ 75 ಪರ್ಸೆಂಟ್. ಆಸ್ಪತ್ರೆಯ ಸಹಿ, ಮೊಹರು ಇರುವ ನಮೂನೆ ಹಿಡಿದು ಕೌಂಟರ್‌ಗೇ ಹೋಗಿ ಟಿಕೆಟ್ ತೆಗೆಸಿ.