ದೇಶಕ್ಕಾಗಿ ಪ್ರಾರ್ಥನೆ: ಕೋಲಾರದ ನಮ್ಮ ಶುಕ್ರವಾರದ ಗುಂಪಿನ ಅನುಭವ

ದೇಶಕ್ಕೋಸ್ಕರ ಪ್ರಾರ್ಥನೆ ಮಾಡೋಣ ಅಂದ ತಕ್ಷಣ ನಮ್ಮ ಬಾಯಿಗೆ ಮೊದಲು ಬರುವುದು ಬೇರೆಯವರ ಪಾಪ. ರಾಜಕಾರಣಿಗಳು ತಿನ್ನುತ್ತಿದ್ದಾರೆ, ಆಫೀಸಿನಲ್ಲಿ ಲಂಚ ಇಲ್ಲದೆ ಕೆಲಸ ಆಗುವುದಿಲ್ಲ, ಹುಡುಗರು ಹಾಳಾಗುತ್ತಿದ್ದಾರೆ, ಕರ್ತನೇ ಇವರನ್ನೆಲ್ಲ ಬದಲಾಯಿಸು. ಅಳುತ್ತಲೇ ಪ್ರಾರ್ಥಿಸುತ್ತೇವೆ, ಸುಳ್ಳು ಕಣ್ಣೀರೇನೂ ಅಲ್ಲ. ಆದರೆ ಆ ಪ್ರಾರ್ಥನೆಯಲ್ಲಿ ನಾವೇ ಇರುವುದಿಲ್ಲ.

ನಾನು ಕೋಲಾರದಲ್ಲಿ ಹೊಲಿಗೆ ಅಂಗಡಿ ಇಟ್ಟುಕೊಂಡಿದ್ದೇನೆ. ಕೆಲವು ವರ್ಷಗಳಿಂದ ಶುಕ್ರವಾರ ನಮ್ಮ ಮನೆಯಲ್ಲಿ ಉಪವಾಸ ಪ್ರಾರ್ಥನೆ ನಡೆಯುತ್ತದೆ. ಮಂಡಿಯಲ್ಲಿ ಲೆಕ್ಕ ಬರೆಯುವ ಅಣ್ಣ ಒಬ್ಬರು, ಒಬ್ಬ ನರ್ಸ್, ರಿಟೈರ್ ಆದ ಮೇಷ್ಟ್ರು, ಬಂಗಾರಪೇಟೆ ಕಡೆಯ ರೈತ, ಕೆಜಿಎಫ್‌ನಿಂದ ಮಗಳ ಮನೆಗೆ ಬಂದು ಇಲ್ಲೇ ಉಳಿದ ತಮಿಳು ಅಜ್ಜಿ, ಇನ್ನೂ ಕೆಲವರು. ಕನ್ನಡ, ತೆಲುಗು, ತಮಿಳು ಮೂರರಲ್ಲೂ ಪ್ರಾರ್ಥನೆ ನಡೆಯುತ್ತದೆ, ಯಾರೂ ಯಾರಿಗೂ ಅನುವಾದ ಮಾಡುವುದಿಲ್ಲ, ನಮ್ಮ ಜಿಲ್ಲೆಯಲ್ಲಿ ಅದರ ಅಗತ್ಯವೂ ಇಲ್ಲ. ಈ ಗುಂಪು ದೇಶಕ್ಕಾಗಿ ಪ್ರಾರ್ಥಿಸುವ ರೀತಿ ಹೇಗೆ ಬದಲಾಯಿತು ಅಂತ ಬೇರೆ ಸಭೆಗಳವರು ಕೇಳುತ್ತಿರುತ್ತಾರೆ, ಅದಕ್ಕೇ ಬರೆಯುತ್ತಿದ್ದೇನೆ. ಇಲ್ಲಿ ಹೇಳಿರುವ ಯಾರ ವಿಷಯವನ್ನೂ ಅವರ ಒಪ್ಪಿಗೆ ಕೇಳದೆ ಬರೆದಿಲ್ಲ.

ಎಲ್ಲರಿಗೂ ಗೊತ್ತಿರುವ ವಾಕ್ಯ 2 ಪೂರ್ವಕಾಲವೃತ್ತಾಂತ 7:14. ನನ್ನ ಹೆಸರು ಹೊತ್ತಿರುವ ನನ್ನ ಜನರು ತಗ್ಗಿಸಿಕೊಂಡು, ಪ್ರಾರ್ಥಿಸಿ, ತಮ್ಮ ಕೆಟ್ಟ ದಾರಿ ಬಿಟ್ಟು ತಿರುಗಿದರೆ ಅವರ ಪಾಪ ಕ್ಷಮಿಸಿ ಅವರ ನಾಡನ್ನು ವಾಸಿಮಾಡುತ್ತೇನೆ ಅಂತ ದೇವರು ಸೊಲೊಮೋನನಿಗೆ ಹೇಳಿದ್ದು. ಕ್ಯಾಲೆಂಡರಿನಲ್ಲಿ, ಕಾರಿನ ಹಿಂದೆ, ಎಲ್ಲಾ ಕಡೆ ಇರುತ್ತದೆ. ಒಂದು ಶುಕ್ರವಾರ ಮೇಷ್ಟ್ರು ಇದನ್ನು ಓದಿ ಒಂದೇ ಪ್ರಶ್ನೆ ಕೇಳಿದರು. "ಇಲ್ಲಿ ಕೆಟ್ಟ ದಾರಿ ಬಿಡಬೇಕಾದೋರು ಯಾರಮ್ಮಾ? ಊರೋರಾ, ನಾವಾ?" ವಾಕ್ಯದಲ್ಲಿ ಇರುವುದು ದೇವರ ಹೆಸರು ಹೊತ್ತವರು. 2011ರ ಜನಗಣತಿಯಲ್ಲಿ ದೇಶದಲ್ಲಿ ಕ್ರೈಸ್ತರು ಶೇ. 2.3, ಕರ್ನಾಟಕದಲ್ಲಿ ಶೇ. 2ಕ್ಕೂ ಕಡಿಮೆ. ಇಷ್ಟು ಕಡಿಮೆ ಇರುವ ನಾವು ಉಳಿದವರೆಲ್ಲರ ತಪ್ಪಿನ ಪಟ್ಟಿ ದೇವರ ಮುಂದೆ ಓದುತ್ತಾ ಕೂತರೆ ಅದು ಪಶ್ಚಾತ್ತಾಪ ಅಲ್ಲ, ದೂರು. ಪೇತ್ರನೂ ಹೇಳುತ್ತಾನಲ್ವಾ, ನ್ಯಾಯತೀರ್ಪು ದೇವರ ಮನೆಯಿಂದಲೇ ಶುರುವಾಗುತ್ತದೆ ಅಂತ.

ಅವತ್ತಿನಿಂದ ಒಂದು ಕಟ್ಟುಪಾಡು ಮಾಡಿಕೊಂಡೆವು. ದೇಶದ ಯಾವ ಪಾಪಕ್ಕಾಗಿ ಪ್ರಾರ್ಥಿಸಬೇಕು ಅನ್ನಿಸುತ್ತದೋ ಅದರಲ್ಲಿ ನಮ್ಮ ಪಾಲು ಎಷ್ಟು ಅಂತ ಮೊದಲು ಹೇಳಬೇಕು. ಆಮೇಲೆ ಪ್ರಾರ್ಥನೆ.

ನಡೆಸುವ ರೀತಿ ಸರಳ. ಬೆಳಗಿನಿಂದ ಉಪವಾಸ, ಸಕ್ಕರೆ ಕಾಯಿಲೆ ಇರುವವರು ಮಾತ್ರೆಗೆ ಬೇಕಾದಷ್ಟು ತಿಂದುಕೊಂಡೇ ಬರಬೇಕು, ಅದರಲ್ಲಿ ದೊಡ್ಡಸ್ತಿಕೆ ಬೇಡ. ಹನ್ನೊಂದಕ್ಕೆ ಸೇರುತ್ತೇವೆ. ಮೈಕ್ ಇಲ್ಲ, ಜೋರು ಹಾಡೂ ಇಲ್ಲ, ಅಕ್ಕಪಕ್ಕದ ಮನೆಯವರಿಗೆ ನಾವು ಏನು ಮಾಡುತ್ತೇವೆ ಅಂತ ಮೊದಲೇ ಹೇಳಿದ್ದೇವೆ. ಒಂದು ಅಧ್ಯಾಯ ಓದುತ್ತೇವೆ. ಕೀರ್ತನೆ 51, ದಾನಿಯೇಲ 9, ನೆಹೆಮೀಯ 1, ಯೆಶಾಯ 58, ಲೂಕ 3, ಇವು ತಿರುಗಿ ತಿರುಗಿ ಬರುತ್ತವೆ. ಓದಿದ ಮೇಲೆ ಸ್ವಲ್ಪ ಹೊತ್ತು ಮೌನ. ಈ ಮೌನ ಶುರುವಿನಲ್ಲಿ ಬಹಳ ಕಷ್ಟ, ಯಾರಾದರೂ ಸ್ತೋತ್ರ ಅಂದುಬಿಡುತ್ತಿದ್ದರು. ಈಗ ಅದೇ ಎಲ್ಲರಿಗೂ ಬೇಕು. ಆಮೇಲೆ ಯಾರಿಗೆ ಹೇಳಬೇಕು ಅನ್ನಿಸುತ್ತದೋ ಅವರು ಹೇಳುತ್ತಾರೆ. ಬಲವಂತ ಇಲ್ಲ. ಕೇಳಿದವರು ಬುದ್ಧಿ ಹೇಳುವ ಹಾಗಿಲ್ಲ, ಅವರಿಗಾಗಿ ಪ್ರಾರ್ಥಿಸಬೇಕು ಅಷ್ಟೇ. ಇದೇನೂ ನಾವು ಕಂಡುಹಿಡಿದದ್ದಲ್ಲ. ಇಂಗ್ಲೆಂಡಿನಲ್ಲಿ ಬೋಧಕ ಜಾನ್ ವೆಸ್ಲಿ 1738ರಲ್ಲೇ ಚಿಕ್ಕ ಗುಂಪುಗಳಿಗೆ ನಿಯಮ ಬರೆದಿದ್ದರು. ಯಾಕೋಬ 5:16ರ ಹಾಗೆ ಪಾಪಗಳನ್ನು ಒಬ್ಬರಿಗೊಬ್ಬರು ಅರಿಕೆ ಮಾಡಿ ಪ್ರಾರ್ಥಿಸುವುದೇ ಆ ಗುಂಪುಗಳ ಉದ್ದೇಶ. ಹೋದ ವಾರ ಸೇರಿದ ಮೇಲೆ ಗೊತ್ತಿದ್ದೂ ಮಾಡಿದ ಪಾಪ ಯಾವುದು ಅಂತ ಪ್ರತಿ ವಾರ ಕೇಳುತ್ತಿದ್ದರು.

ಮೊದಮೊದಲು ಬಂದವೆಲ್ಲ ಸುಲಭದ ಅರಿಕೆಗಳು. ಕೋಪ ಮಾಡಿಕೊಂಡೆ, ಬೈಬಲ್ ಓದಲಿಲ್ಲ, ಚಾಡಿ ಹೇಳಿದೆ. ಬೇಡ ಅಂತಲ್ಲ. ಆದರೆ ಇವು ಹೇಳಿದರೆ ಕೈಯಿಂದ ಏನೂ ಹೋಗುವುದಿಲ್ಲ.

ಮಂಡಿಯ ಅಣ್ಣ ಬಾಯಿ ಬಿಟ್ಟ ದಿನ ಗುಂಪೇ ಬೇರೆಯಾಯಿತು. ಕೋಲಾರದ ಟೊಮೆಟೊ ಮಾರ್ಕೆಟ್ ಗೊತ್ತಿದ್ದವರಿಗೆ ಗೊತ್ತು, ಹದಿನೈದು ಕೆಜಿ ಬಾಕ್ಸಿನ ಲೆಕ್ಕದಲ್ಲಿ ಹರಾಜು ನಡೆಯುತ್ತದೆ. ರೈತ ತಾನೇ ನಿಂತಿದ್ದರೆ ಕೂಗಿದ ರೇಟು ಅವನ ಕಿವಿಗೇ ಬೀಳುತ್ತದೆ. ಮಾಲನ್ನು ಟೆಂಪೋದಲ್ಲಿ ಕಳಿಸಿ ಅವನು ತೋಟದಲ್ಲೇ ಉಳಿದ ದಿನ, ವ್ಯಾಪಾರಿಯ ಲೆಕ್ಕದಲ್ಲಿ ಒಂದು ರೇಟು, ರೈತನ ಚೀಟಿಯಲ್ಲಿ ಇನ್ನೊಂದು. ಬರೆದ ಕೈ ಇವರದು. ಹೇಳಿದವರು ಧಣಿ. ವ್ಯತ್ಯಾಸದಲ್ಲಿ ಇವರಿಗೂ ಸ್ವಲ್ಪ ಸಿಗುತ್ತಿತ್ತು. "ಇಷ್ಟು ದಿನ ನಾನು ಭ್ರಷ್ಟಾಚಾರಕ್ಕೆ ಉಪವಾಸ ಇದ್ದು ಪ್ರಾರ್ಥನೆ ಮಾಡ್ತಿದ್ದೆ ಅಕ್ಕಾ" ಅಂದರು. ಯಾರೂ ಏನೂ ಮಾತಾಡಲಿಲ್ಲ.

ಕ್ಷಮೆ ಕೇಳಿಕೊಂಡರೆ ಮುಗಿಯಿತಾ? ಅಲ್ಲಿಂದ ನಾವು ಬೈಬಲನ್ನು ಬೇರೆ ಥರ ಓದಬೇಕಾಯಿತು. ಅರಣ್ಯಕಾಂಡ 5ನೇ ಅಧ್ಯಾಯದಲ್ಲಿ ಇದಕ್ಕೆ ನಿಯಮವೇ ಇದೆ: ಪಾಪವನ್ನು ಅರಿಕೆ ಮಾಡಬೇಕು, ತೆಗೆದುಕೊಂಡದ್ದನ್ನು ಪೂರ್ತಿ ಕೊಡಬೇಕು, ಮೇಲೆ ಐದನೆಯ ಒಂದು ಪಾಲು ಸೇರಿಸಬೇಕು. ಕೊಡಬೇಕಾದವನು ಇಲ್ಲ, ಅವನ ಹತ್ತಿರದ ಸಂಬಂಧಿಕರೂ ಇಲ್ಲ ಅಂದರೆ ಅದು ದೇವರಿಗೆ ಸೇರಬೇಕು. ಸುಂಕ ಎತ್ತುವ ಜಕ್ಕಾಯ ಇನ್ನೂ ಮುಂದೆ ಹೋಗಿ ನಾಲ್ಕರಷ್ಟು ಕೊಡುತ್ತೇನೆ ಅಂದ, ಆಸ್ತಿಯಲ್ಲಿ ಅರ್ಧ ಬಡವರಿಗೆ ಅಂದ. ಯೇಸು ಈ ಮನೆಗೆ ಇವತ್ತು ರಕ್ಷಣೆ ಬಂತು ಅಂದದ್ದು ಈ ಮಾತು ಕೇಳಿದ ಮೇಲೆ. ಅಣ್ಣ ಹಳೆಯ ಪುಸ್ತಕ ತೆಗೆದು ನೆನಪಿದ್ದ ರೈತರನ್ನು ಒಬ್ಬೊಬ್ಬರನ್ನಾಗಿ ಹುಡುಕಿಕೊಂಡು ಹೋದರು. ಮುಳಬಾಗಿಲು ಕಡೆ ಒಬ್ಬ ರೈತ ಬಾಯಿಗೆ ಬಂದ ಹಾಗೆ ಬೈದು ದುಡ್ಡು ಎಣಿಸಿಕೊಂಡ. ಇನ್ನೊಬ್ಬ ಕಾಫಿ ಕೊಟ್ಟ. ಹೆಸರೇ ನೆನಪಿಲ್ಲದವರ ಪಾಲನ್ನು ನಮ್ಮ ಸಭೆಯ ಅಯ್ಯನವರ (ಪಾಸ್ಟರ್) ಕೈಗೆ ಕೊಟ್ಟು, ಸಾಲದಲ್ಲಿ ಮುಳುಗಿದ್ದ ರೈತನೊಬ್ಬನ ಮನೆಗೆ, ಅವನು ನಮ್ಮ ಸಭೆಯವನಲ್ಲ, ತಲುಪಿಸಿದೆವು. ಆ ಕೆಲಸವನ್ನೂ ಅಣ್ಣ ಬಿಟ್ಟರು. ಈಗ ಸಂಬಳ ಕಡಿಮೆ, ಅವರ ಹೆಂಡತಿ ಮನೆ ತೂಗಿಸುವುದು ನೋಡಿದರೆ ಸಂಕಟವಾಗುತ್ತದೆ. ಇದನ್ನು ಮುಚ್ಚಿಟ್ಟು ಸಾಕ್ಷಿ ಹೇಳುವುದು ಸರಿಯಲ್ಲ ಅಂತ ಇಲ್ಲಿ ಬರೆದಿದ್ದೇನೆ.

ಕೊರಿಯಾದ ಪ್ಯಾಂಗ್ಯಾಂಗ್‌ನಲ್ಲಿ 1907ರಲ್ಲಿ ನಡೆದ ಉಜ್ಜೀವನವೂ, ಅಂದರೆ ಸಭೆಗೆ ಹೊಸ ಜೀವ ಬಂದದ್ದೂ, ಹೀಗೇ. ಕಿಲ್ ಸನ್-ಜು ಅನ್ನುವ ಸಭಾಹಿರಿಯರು, ಸತ್ತುಹೋದ ಸ್ನೇಹಿತನ ಆಸ್ತಿ ನೋಡಿಕೊಳ್ಳುವಾಗ ಅದರಲ್ಲಿ ಹಣ ಇಟ್ಟುಕೊಂಡಿದ್ದನ್ನು ಎಲ್ಲರ ಎದುರು ಒಪ್ಪಿಕೊಂಡರು. ಆಮೇಲೆ ಅಲ್ಲಿ ಜನ ಹಳೆಯ ಸಾಲ ತೀರಿಸಿದರು, ಕದ್ದದ್ದನ್ನು ವಾಪಸ್ ಕೊಟ್ಟರು. ಉಜ್ಜೀವನ ಅಂದರೆ ನಾವು ಕೂಟದ ಜನಜಂಗುಳಿ ಎಣಿಸುತ್ತೇವೆ. ಊರಿನ ಅಂಗಡಿಯವನ ಹಳೇ ಬಾಕಿ ಎಷ್ಟು ತೀರಿತು ಅಂತ ಯಾರೂ ಕೇಳುವುದಿಲ್ಲ.

ಬಡ್ಡಿಯ ವಿಷಯ ಬಂದಾಗ ಜಾಸ್ತಿ ಬಿಸಿಯಾಯಿತು. ನಮ್ಮಲ್ಲಿ ಒಬ್ಬ ಅಮ್ಮ ಹೂ ಮಾರುವವರಿಗೆ, ತರಕಾರಿಯವರಿಗೆ ನೂರಕ್ಕೆ ಐದರ ಲೆಕ್ಕದಲ್ಲಿ ತಿಂಗಳ ಬಡ್ಡಿಗೆ ಕೊಡುತ್ತಿದ್ದರು. ಊರಲ್ಲಿ ಎಲ್ಲರೂ ಮಾಡುವುದೇ, ಕಷ್ಟಕ್ಕೆ ಆಗುತ್ತೇನಲ್ಲ ಅನ್ನುವುದು ಅವರ ಮಾತು. ನಾವು ಯಾರೂ ವಾದ ಮಾಡಲಿಲ್ಲ. ನೆಹೆಮೀಯ 5 ಓದಿದೆವು. ಹೊಲ, ತೋಟ, ಮನೆ ಅಡ ಇಟ್ಟು, ಕಡೆಗೆ ಮಕ್ಕಳನ್ನೇ ಜೀತಕ್ಕೆ ಬಿಟ್ಟ ಬಡವರು ಅಲ್ಲಿ ಗೋಳಿಡುತ್ತಾರೆ, ನೆಹೆಮೀಯ ಊರಿನ ದೊಡ್ಡವರನ್ನು ಸೇರಿಸಿ ಹೊಲ ವಾಪಸ್ ಕೊಡಿ, ತೆಗೆದುಕೊಳ್ಳುತ್ತಿರುವ ನೂರನೆಯ ಪಾಲನ್ನೂ ವಾಪಸ್ ಕೊಡಿ ಅನ್ನುತ್ತಾನೆ. ನೂರಕ್ಕೆ ಒಂದು. ಅಮ್ಮ ಅದನ್ನು ಎರಡು ಸಲ ಓದಿಸಿಕೊಂಡರು. ನೆಹೆಮೀಯ ಅಂದರೆ ನಮಗೆಲ್ಲ ನೆನಪಾಗುವುದು ಅವನು ಕಟ್ಟಿಸಿದ ಯೆರೂಸಲೇಮಿನ ಗೋಡೆ. ಗೋಡೆ ಕಟ್ಟುವ ಮಧ್ಯದಲ್ಲಿ ಅವನು ಬಡ್ಡಿಯ ಲೆಕ್ಕ ಬಿಡಿಸಿದ ಅನ್ನುವುದನ್ನು ನಾನು ಒಂದು ಪ್ರಸಂಗದಲ್ಲೂ ಕೇಳಿರಲಿಲ್ಲ. ಆಮೇಲೆ ಅಮ್ಮ ಕೆಲವರಿಗೆ ಬಡ್ಡಿ ಪೂರ್ತಿ ಬಿಟ್ಟರು, ಅಸಲಿಗಿಂತ ಜಾಸ್ತಿ ಕಟ್ಟಿದ್ದವರ ಚೀಟಿ ಹರಿದರು. ಮಗ ಮಾತ್ರ ಇವತ್ತಿಗೂ ಅವರ ಹತ್ತಿರ ಸರಿಯಾಗಿ ಮಾತಾಡುವುದಿಲ್ಲ, ನಮ್ಮ ಮನೆ ಹೊಸ್ತಿಲನ್ನೂ ತುಳಿದಿಲ್ಲ.

ವೋಟಿನ ದುಡ್ಡಿನದು ಇನ್ನೊಂದು. 2023ರ ವಿಧಾನಸಭೆ ಚುನಾವಣೆಗೆ ಮುಂಚೆ ಮನೆಮನೆಗೆ ಏನೇನು ಬಂತು ಅಂತ ಓದುವವರಿಗೆ ಗೊತ್ತು. ನಮ್ಮಲ್ಲೇ ಒಬ್ಬಾಕೆ ಕೇಳಿದಳು, "ಅವರು ಕೊಡೋದು ನಮ್ಮದೇ ದುಡ್ಡು ಅಲ್ವಾ ಅಕ್ಕಾ, ಐದು ವರ್ಷ ತಿಂದು ಒಂದು ದಿನ ಕೊಡ್ತಾರೆ, ಬೇಡ ಅನ್ನೋಕೆ ನಾನೇನು ಸಾಹುಕಾರಳಾ?" ಹೊಟ್ಟೆ ತುಂಬಿದವರು ಅವಳಿಗೆ ನೀತಿ ಹೇಳುವುದು ಸುಲಭ. ಕಾನೂನಿನಲ್ಲಿ ಕೊಡುವುದೂ ಅಪರಾಧ, ತೆಗೆದುಕೊಳ್ಳುವುದೂ ಅಪರಾಧ ಅಂತ ಮೇಷ್ಟ್ರು ಹೇಳಿದರು, ಅದು ಅವಳಿಗೆ ನಾಟಲಿಲ್ಲ. ಆ ತಿಂಗಳು ಅವಳ ಮಗಳ ಸ್ಕೂಲ್ ಫೀಸನ್ನು ನಾವೆಲ್ಲ ಹಂಚಿಕೊಂಡು ಕಟ್ಟಿದೆವು. ಯೆಶಾಯ 58ರಲ್ಲಿ ದೇವರಿಗೆ ಇಷ್ಟವಾದ ಉಪವಾಸ ಅಂದರೆ ಹಸಿದವನಿಗೆ ರೊಟ್ಟಿ ಮುರಿದು ಕೊಡುವುದು, ನೊಗ ಬಿಚ್ಚುವುದು. ಒಂದು ಹೊತ್ತು ಊಟ ಬಿಟ್ಟು ಆ ದುಡ್ಡನ್ನು ನಮ್ಮ ಜೇಬಲ್ಲೇ ಇಟ್ಟುಕೊಂಡರೆ ಅದು ಉಪವಾಸ ಹೇಗಾಗುತ್ತದೆ? ಕವರ್ ತಂದವರಿಗೆ ಅವಳು ಬೇಡ ಅಂದಳು. ಗಲಾಟೆ ಮಾಡಲಿಲ್ಲ, ಯಾರ ಪಕ್ಷ ಅಂತಲೂ ಹೇಳಲಿಲ್ಲ. ಅವಳು ಹಾಗೆ ಅಂದ ಮೇಲೆ ನಾವು ನಾಯಕರಿಗಾಗಿ ಮಾಡುವ ಪ್ರಾರ್ಥನೆಯಲ್ಲೂ ಹಳೆಯ ಸಿಟ್ಟು ಹೋಯಿತು. 1 ತಿಮೊಥೆ 2ರಲ್ಲಿ ಅರಸರಿಗಾಗಿ, ಅಧಿಕಾರಿಗಳಿಗಾಗಿ ವಿಜ್ಞಾಪನೆ ಮಾಡಿ ಅಂತ ಇದೆಯಲ್ಲ, ಈಗ ಶಾಸಕರಿಂದ ಹಿಡಿದು ಪಿಡಿಒವರೆಗೆ ಹೆಸರು ಹಿಡಿದು, ಅವರ ಮನೆಮಕ್ಕಳಿಗೂ ಸೇರಿಸಿ ಪ್ರಾರ್ಥಿಸುತ್ತೇವೆ.

ಇಷ್ಟೆಲ್ಲ ಆದ ಮೇಲೂ ಒಂದು ವಿಷಯ ಯಾರ ಬಾಯಲ್ಲೂ ಬಂದಿರಲಿಲ್ಲ. ಜಾತಿ. ಅದನ್ನು ಎತ್ತಿದ್ದು ನರ್ಸ್ ಕೆಲಸ ಮಾಡುವ ತಂಗಿ. ರುವಾಂಡಾ ದೇಶದ ಕಥೆ ಹೇಳಿದಳು. ಅಲ್ಲಿ 1930ರ ದಶಕದಲ್ಲಿ ಗಹಿನಿ ಅನ್ನುವ ಊರಿನ ಮಿಷನ್ ಆಸ್ಪತ್ರೆಯ ಸುತ್ತಮುತ್ತ ದೊಡ್ಡ ಉಜ್ಜೀವನ ಆಯಿತು, ಎಲ್ಲರೆದುರು ಪಾಪ ಅರಿಕೆ ಮಾಡುವುದು ಪೂರ್ವ ಆಫ್ರಿಕಾಕ್ಕೆಲ್ಲ ಹರಡಿತು. ಮುಂದೆ ದೇಶದ ಹೆಚ್ಚಿನ ಜನ ಕ್ರೈಸ್ತರೇ ಆದರು. ಅದೇ ದೇಶದಲ್ಲಿ 1994ರಲ್ಲಿ ಹುಟು ಕುಲದ ತೀವ್ರವಾದಿಗಳು ಟುಟ್ಸಿ ಕುಲದವರನ್ನು ಲಕ್ಷಗಟ್ಟಲೆ ಕೊಂದರು, ಚರ್ಚಿನೊಳಗೆ ಬಚ್ಚಿಟ್ಟುಕೊಂಡವರನ್ನೂ ಬಿಡಲಿಲ್ಲ. ಕುಡಿತ, ಕಳ್ಳತನ, ಸುಳ್ಳು ಎಲ್ಲ ಅರಿಕೆಯಾಯಿತು, ನೆರೆಯವನ ಕುಲದ ಮೇಲಿನ ದ್ವೇಷ ಎಷ್ಟೋ ಜನರ ಎದೆಯಲ್ಲಿ ಹಾಗೇ ಉಳಿಯಿತು ಅಂತ ಅವಳು ಹೇಳಿದಳು. ನನಗೂ ಹಾಗೇ ಕಾಣುತ್ತದೆ. ಆಮೇಲೆ ಅವಳು ನಮ್ಮ ಕಡೆ ತಿರುಗಿ, ಒಂದೇ ಪಾತ್ರೆಯಲ್ಲಿ ಕರ್ತನ ಭೋಜನ ತೆಗೆದುಕೊಳ್ಳುವ ನಾವು ಮದುವೆ ಮಾತು ಬಂದಾಗ ಯಾಕೆ "ನಮ್ಮೋರಾ?" ಅಂತ ಕೇಳುತ್ತೇವೆ ಅಂದಳು. ಉತ್ತರ ಯಾರ ಹತ್ತಿರವೂ ಇರಲಿಲ್ಲ. ಈ ಒಂದರಲ್ಲಿ ನಾವು ಇನ್ನೂ ಬಹಳ ಹಿಂದೆ ಇದ್ದೇವೆ. ಅರಿಕೆ ಶುರುವಾಗಿದೆ, ಸಂಬಂಧ ಬೆಳೆಸುವ ಮಟ್ಟಕ್ಕೆ ಇನ್ನೂ ಯಾರೂ ಬಂದಿಲ್ಲ.

ಹೊಸದಾಗಿ ಶುರು ಮಾಡುವವರಿಗೆ ಎರಡು ಮಾತು ಹೇಳಲೇಬೇಕು. ಗುಂಪಿನಲ್ಲಿ ಕೇಳಿದ್ದು ಹೊರಗೆ ಹೋಗಬಾರದು. ಗಂಡ, ಹೆಂಡತಿ, ಅಯ್ಯನವರು, ಯಾರಿಗೂ ಕೇಳದೆ ಹೇಳಬಾರದು. ಒಂದೇ ಒಂದು ಸಲ ಹೊರಗೆ ಹೋದರೆ ಗುಂಪು ಮುಗಿಯಿತು ಅಂತಲೇ ಲೆಕ್ಕ. ಗಂಡಹೆಂಡತಿ ನಡುವಿನ ವಿಷಯ ಎಲ್ಲರೆದುರು ಬೇಡ, ಹೆಂಗಸರು ಹೆಂಗಸರ ಹತ್ತಿರ, ಗಂಡಸರು ಗಂಡಸರ ಹತ್ತಿರ ಹೇಳಿಕೊಳ್ಳಲಿ. ಆದರೆ ಒಂದು ಮಗುವಿಗೆ ಯಾರಾದರೂ ಲೈಂಗಿಕವಾಗಿ ತೊಂದರೆ ಕೊಟ್ಟದ್ದು ಗೊತ್ತಾದರೆ ಈ ಗುಟ್ಟಿನ ನಿಯಮ ಅಲ್ಲಿ ನಡೆಯುವುದಿಲ್ಲ. ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ 2012ರ ಪೋಕ್ಸೋ ಕಾಯ್ದೆಯಲ್ಲಿ ಗೊತ್ತಿದ್ದೂ ಪೊಲೀಸರಿಗೆ ತಿಳಿಸದೆ ಇರುವುದೇ ಅಪರಾಧ. ಕಣ್ಣೀರು ಹಾಕಿದ, ಕ್ಷಮಿಸಿಬಿಡೋಣ ಅಂತ ಮುಚ್ಚಿಹಾಕುವುದಕ್ಕೆ ಪ್ರಾರ್ಥನೆಯನ್ನು ಬಳಸಬೇಡಿ. ಮೊದಲು ಆ ಮಗುವಿನ ರಕ್ಷಣೆ.

ಇಷ್ಟರಿಂದ ದೇಶ ಬದಲಾಗುತ್ತಾ ಅಂತ ಕೇಳುವವರು ಇದ್ದಾರೆ. ಒಂದು ಮಂಡಿಯಲ್ಲಿ ಒಬ್ಬ ಲೆಕ್ಕ ಬರೆಯುವವನು, ಒಂದು ಬೀದಿಯಲ್ಲಿ ಕೆಲವು ಹೂ ಮಾರುವವರ ಸಾಲ, ಒಂದು ವೋಟು. ದೇಶ ಅಂದರೆ ಇವುಗಳ ಆಚೆ ಎಲ್ಲೋ ದೆಹಲಿಯಲ್ಲಿ ಇದೆ ಅಂತ ನನಗೆ ಅನ್ನಿಸುವುದಿಲ್ಲ. ಸ್ನಾನಿಕನಾದ ಯೋಹಾನನ ಹತ್ತಿರ ಜನ ಬಂದು ನಾವೇನು ಮಾಡಬೇಕು ಅಂತ ಕೇಳಿದಾಗ ಅವನು ರೋಮ್ ಸಾಮ್ರಾಜ್ಯದ ಮಾತೇ ಎತ್ತಲಿಲ್ಲ. ಎರಡು ಅಂಗಿ ಇದ್ದರೆ ಒಂದು ಕೊಡು, ನೇಮಿಸಿದ್ದಕ್ಕಿಂತ ಜಾಸ್ತಿ ಸುಂಕ ಎತ್ತಬೇಡ, ಸಿಪಾಯಿ ಆಗಿದ್ದರೆ ಹೆದರಿಸಿ ಕಿತ್ತುಕೊಳ್ಳಬೇಡ. ಅವರವರ ಕೆಲಸ ಹಿಡಿದೇ ಹೇಳಿದ.

ಈಗ ನಮ್ಮ ಮುಂದಿರುವುದು ಬಂಗಾರಪೇಟೆ ಕಡೆಯ ರೈತನ ವಿಷಯ. ಶುರುವಿನಲ್ಲಿ ಹೇಳಿದ 2 ಪೂರ್ವಕಾಲವೃತ್ತಾಂತದ ವಾಕ್ಯಕ್ಕೆ ಮುಂಚಿನ ವಚನದಲ್ಲಿ ಮಳೆ ನಿಲ್ಲುವ ಮಾತಿದೆ. ವರ್ಷವಿಡೀ ಹರಿಯುವ ನದಿ ಇಲ್ಲದ ನಮ್ಮ ಜಿಲ್ಲೆಯವರಿಗೆ ಆ ಮಾತು ಬೇಗ ಅರ್ಥವಾಗುತ್ತದೆ. ಮಳೆಗಾಗಿ ಎಷ್ಟೋ ಸಲ ಪ್ರಾರ್ಥಿಸಿದ್ದೇವೆ. ಇವರ ತಂದೆಯ ಕಾಲದಲ್ಲಿ ಹೊಲದ ಬದು ಸ್ವಲ್ಪ ಸ್ವಲ್ಪವೇ ಜರುಗಿ ಕೆರೆಯಂಗಳವನ್ನು ಒತ್ತಿಕೊಂಡಿದೆ, ಅದು ಊರಿಗೆಲ್ಲ ಗೊತ್ತು. ನಾನೂ ನನ್ನ ತಂದೆಯ ಮನೆಯವರೂ ಪಾಪ ಮಾಡಿದ್ದೇವೆ ಅನ್ನುವ ನೆಹೆಮೀಯನ ಪ್ರಾರ್ಥನೆ ಓದಿದ ದಿನ ಇವರು ಎದ್ದು ನಿಂತು, ಮಳೆ ಕೊಡು ಅಂತ ನಾನು ಯಾವ ಬಾಯಲ್ಲಿ ಕೇಳಲಿ ಅಂದರು. ಜಮೀನು ಜಂಟಿಯಲ್ಲಿದೆ. ತಮ್ಮಂದಿರಲ್ಲಿ ಒಬ್ಬ ಒಪ್ಪಿದ್ದಾನೆ, ಇನ್ನೊಬ್ಬ "ಊರೆಲ್ಲ ಬಿಟ್ಟ ಮೇಲೆ ನಾನೂ ಬಿಡ್ತೀನಿ" ಅನ್ನುತ್ತಿದ್ದಾನೆ. ಸರ್ವೇಗೆ ಅರ್ಜಿ ಹಾಕಿದ್ದಾರೆ. ಅಳತೆಯ ದಿನ ಮೇಷ್ಟ್ರು ಜೊತೆಗೆ ಹೋಗುತ್ತೇನೆ ಅಂದಿದ್ದಾರೆ, ಬಿಟ್ಟ ಜಾಗದಲ್ಲಿ ಹೋಗುವ ಬೆಳೆಗೆ ಗುಂಪಿನಿಂದ ಎಷ್ಟು ಕೊಡಬಹುದು ಅಂತ ಬರುವ ಶುಕ್ರವಾರ ಕೂತು ಲೆಕ್ಕ ಹಾಕಬೇಕು.