ಗುಡಾರಕ್ಕೆ ಐಲೆಟ್ ಬೇಡ, ಹೊಳೆಕಲ್ಲು ಸಾಕು
ಕೊಡಗು ಆಳಿದ ಹಾಲೇರಿ ರಾಜರ ಕಾಲದ ಶಿಬಿರ ಅಂತ ಸಿನಿಮಾ ಸೆಟ್ ಹಾಕುವವರು ಹಗ್ಗ ಕಟ್ಟಲು ಗುಡಾರದ ಬಟ್ಟೆಗೆ ತೂತು ಹೊಡೆದು ಹಿತ್ತಾಳೆ ಐಲೆಟ್ (ತೂತಿನ ಅಂಚಿಗೆ ಕೂರಿಸುವ ಲೋಹದ ಬಳೆ) ಹಾಕಬೇಡಿ, ಕ್ಲೋಸಪ್‌ನಲ್ಲಿ ಪಳಪಳ ಹೊಳೆದು ಮಾನ ಕಳೆಯುತ್ತದೆ. ಅದರ ಬದಲು ಕಾವೇರಿ ಹೊಳೆಯಲ್ಲಿ ಸಿಗುವ ನಿಂಬೆಹಣ್ಣಿನ ಗಾತ್ರದ ನುಣುಪು ಕಲ್ಲನ್ನು ಅಂಚಿನಿಂದ ಅರ್ಧ ಗೇಣು ಒಳಗೆ, ಬಟ್ಟೆಯ ಅಡಿಯಿಂದ ಇಟ್ಟು, ಮೇಲೆ ಉಬ್ಬಿದ ಬಟ್ಟೆಯನ್ನು ಕಲ್ಲಿನ ಬುಡದಲ್ಲಿ ಕುತ್ತಿಗೆಯಂತೆ ಹಿಡಿದು, ಆ ಕುತ್ತಿಗೆಗೆ ಹಗ್ಗ ಎರಡು ಸುತ್ತು ಸುತ್ತಿ, ತುದಿಯನ್ನು ಎರಡನೇ ಸುತ್ತಿನ ಕೆಳಗೆ ತೂರಿಸಿ ಎಳೆಯಿರಿ. ಎಳೆದಷ್ಟೂ ಬಿಗಿಯಾಗುತ್ತದೆ. ತೂತಿದ್ದರೆ ಭಾರವೆಲ್ಲ ಅದರ ಅಂಚಿನ ನಾಲ್ಕು ನೂಲಿನ ಮೇಲೆ ಬಿದ್ದು ಹರಿಯುತ್ತದೆ, ಇಲ್ಲಿ ಕಲ್ಲಿನ ಸುತ್ತ ನೆರಿಗೆ ಕಟ್ಟಿದ ಅಷ್ಟೂ ಬಟ್ಟೆ ಭಾರ ಹೊರುತ್ತದೆ. ಶೂಟಿಂಗ್ ಮುಗಿದ ಮೇಲೆ ಬಿಚ್ಚಿದರೆ ಬಟ್ಟೆ ಇಡಿಯಾಗಿ ವಾಪಸ್, ಬಾಡಿಗೆ ಕ್ಯಾನ್ವಾಸ್ ಆದರೆ ಇದೇ ದೊಡ್ಡ ಲಾಭ ಅಲ್ವಾ. ಕಲ್ಲಿಗೆ ಚೂಪು ಮೂಲೆ ಇದ್ದರೆ ಬಟ್ಟೆ ಕೊಯ್ಯುತ್ತದೆ. ನೈಲಾನ್ ಹಗ್ಗ ಜಾರುತ್ತದೆ, ನೋಡೋಕೂ ಆ ಕಾಲದ್ದಲ್ಲ, ಹತ್ತಿ ಇಲ್ಲವೇ ನಾರಿನ ಹಗ್ಗ ತಗೊಳ್ಳಿ. ಆದರೆ ಹತ್ತಿ ಹಗ್ಗ ನೆನೆದರೆ ಕುಗ್ಗುತ್ತದೆ, ಮಡಿಕೇರಿ ಮಂಜಿಗೇ ಗೂಟ ಕಿತ್ತು ಬರಬಹುದು, ರಾತ್ರಿ ಸ್ವಲ್ಪ ಸಡಿಲ ಬಿಡಿ. ಕಲ್ಲಿನ ಬದಲು ಅಡಿಕೆ ಇಟ್ಟರೆ ಆಗಲ್ವಾ ಅಂದರೆ, ಆಗುತ್ತದೆ, ಬಿಳಿ ಬಟ್ಟೆ ಒದ್ದೆಯಾದರೆ ಕೆಂಪು ಕಲೆ ಗ್ಯಾರಂಟಿ. ತೆಳು ರೇಷ್ಮೆಗೂ ಜೂನ್‌ನ ಗಾಳಿಮಳೆಗೂ ಈ ಉಪಾಯ ಬೇಡ.